ನೀಲಗುಂದದ ಶಿಲೆಯೂ ಕಡಲಾಳದ ಅಣುಜೀವಿಗಳೂ

೧

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಕರ್ಣಾಟಕದ ಇತಿಹಾಸಾಭ್ಯಾಸಿಗಳಿಗೆ ಎರಡು ಕಾರಣಗಳಿಂದ ಪರಿಚಿತವಾದ ಗ್ರಾಮ. ಅಲ್ಲಿರುವ ಭೀಮೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಉತ್ತಮ ನಿದರ್ಶನವೆಂದು ಗಣ್ಯವಾಗಿದೆ. ಅಲೆಗ್ಸಾಂಡರ್ ರೀ ಎಂಬವರು ೧೮೯೬ರಲ್ಲಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬಾಗಳಿ, ಕುರುವತ್ತಿ, ಹಡಗಲಿಗಳ ದೇವಾಲಯಗಳೊಡನೆ ಇದನ್ನೂ ವರ್ಣಿಸಿದ್ದಾರೆ. ಎರಡನೆಯದು, ಆರನೆಯ ವಿಕ್ರಮಾದಿತ್ಯನ ತಾಮ್ರಪಟಗಳು. ಎಲ್. ಡಿ. ಬಾರ್ನೆಟ್ ರವರು ಇವುಗಳ ಪಾಠವನ್ನು ಎಪಿಗ್ರಾಫಿಯ ಇಂಡಿಕದ ೧೨ನೆಯ ಸಂಪುಟದಲ್ಲಿ ಪ್ರಕಟಿಸಿದರು. ದೇವಾಲಯದ ಕಾಲ, ದಾನದ ಸ್ವರೂಪ, ಅರಸರ ವಂಶಾವಳಿ ಇವೇ ಮೊದಲಾದ ವಿಷಯಗಳು ಈವರೆಗೆ ವಿದ್ವಾಂಸರಿಂದ ವಿಚಾರಿತವಾಗಿವೆ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಬರಹವನ್ನಲ್ಲ, ಬರಹಕ್ಕೂ ಶಿಲ್ಪಕ್ಕೂ ಆಧಾರವಾದ ವಸ್ತುವನ್ನು. ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರೆಂಬುದೂ, ಹನ್ನೊಂದನೆಯ ಶತಮಾನದಲ್ಲಿ ಅದು ಹಿಂದೆ ಸರಿದು ಹಸುರುಗಪ್ಪಾದ ಮೃದುಶಿಲೆಯು ಬಳಕೆಗೆ ಬಂದಿತೆಂಬುದೂ ತಿಳಿದ ವಿಷಯ. ಈ ಬದಲಾವಣೆಗೆ ಮೊದಲ ಉದಾಹರಣೆಯೆಂದು ಹೆನ್ರಿ ಕಸಿನ್ಸ್ ರವರು ೧೯೨೬ರ ತಮ್ಮ ಗ್ರಂಥದಲ್ಲಿ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಎತ್ತಿ ಹೇಳಿದರು. ನೀಲಗುಂದದ ದೇವಾಲಯವೂ ಈ ಹೊಸ ಸಂಪ್ರದಾಯಕ್ಕೆ ಸೇರಿದ್ದು. ಬಳಪದ ಕಲ್ಲಿನ ಜಾತಿಗೆ ಸೇರಿದ ಈ ಶಿಲೆಯು ಗಣಿಯಿಂದ ತೆಗೆದ ಹೊಸದರಲ್ಲಿ ಉಳಿಗೆ ಸುಲಭವಾಗಿ ವಶವಾಗುವುದು. ಚಾಲುಕ್ಯ ಶಿಲ್ಪಿಗಳ ಸೂಕ್ಷ್ಮ ಕೆತ್ತನೆಗೆ ಇದೇ ಮುಖ್ಯವಾದ ಅನುಕೂಲ.

ಈ ಶಿಲೆಯ ಹುಟ್ಟು ಕಡಲತಳದ ಅಗ್ನಿಕಾರ್ಯಕ್ಕೆ ಸಂಬಂಧಪಟ್ಟಿದೆ. ತಾಮ್ರಪಟಕ್ಕೆ ಬೇಕಾದ ತಾಮ್ರವು ಈ ಸೀಮೆಯ ಬಂಡೆಗಳಲ್ಲಿ ಸೇರಿಕೊಂಡುದೂ ಅಂಥ ಕಾರ್ಯದಿಂದಲೇ. ಇಂದಿನ ಕಡಲುಗಳಲ್ಲಿ ಅದೇ ಕಾರ್ಯವು ನಡೆಯುತ್ತಿರುವ ಎಡೆಗಳಲ್ಲಿ ಸೂರ್ಯನ ಬೆಳಕಿಲ್ಲದೆ, ರಾಸಾಯನಿಕ ದ್ರವ್ಯಗಳಿಂದಲೇ ಶಕ್ತಿಯನ್ನು ಪಡೆದು ಬದುಕುವ ಅಣುಜೀವಿಗಳು ಕಂಡುಬಂದಿವೆ. ಹಾಗಾದರೆ ನಮ್ಮ ಬಂಡೆಗಳು ರೂಪುಗೊಂಡ ಪುರಾತನ ಕಡಲಿನಲ್ಲಿಯೂ ಅಂಥ ಜೀವಿಗಳು ಇದ್ದುವೇ? ಇದ್ದುವೆಂದು ಹೇಳಲು ನಮಗಿರುವ ಆಧಾರವೇನು? ಈ ಪ್ರಶ್ನೆಗಳಿಗೆ ಉತ್ತರವು ಹೇಗೆ ಕ್ರಮೇಣ ರೂಪುಗೊಂಡಿತೆಂಬ ಚರಿತ್ರೆಯನ್ನು ನಿರೂಪಿಸಿ, ಅದರಲ್ಲಿ ಸಿದ್ಧವಾದುದೆಷ್ಟು, ಊಹೆಯೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

೨

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಬಹುಮಟ್ಟಿಗೆ ಕಣಶಿಲೆ ಮತ್ತು ಅದರ ಬಳಗದ ಬಂಡೆಗಳಿಂದ ಕೂಡಿದ ಬಯಲು. ಇದರ ಎರಡು ಪಕ್ಕಗಳಲ್ಲಿ ಬೇರೆ ಬಗೆಯ ಶಿಲೆಗಳ ಎರಡು ಪಟ್ಟಿಗಳು ಹಾದುಹೋಗುತ್ತವೆ. ಕೂಡ್ಲಿಗಿಯ ಈಶಾನ್ಯಕ್ಕೆ ಸಂಡೂರಿನ ಬೆಟ್ಟಗಳು. ಪಶ್ಚಿಮಕ್ಕೆ, ಗದಗಿನ ಕಡೆಯಿಂದ ಬಂದು ತುಂಗಭದ್ರೆಯನ್ನು ದಾಟಿ, ಹಡಗಲಿ ಹರಪನಹಳ್ಳಿಗಳ ಅಂಚಿನಲ್ಲಿ ಸಾಗಿ, ಚಿತ್ರದುರ್ಗದ ಮೂಲಕ ಚಿಕ್ಕನಾಯಕನಹಳ್ಳಿಯ ಕಡೆಗೆ ಇಳಿಯುವ ಉದ್ದವಾದ ಪಟ್ಟಿ. ಇವುಗಳನ್ನು ಮೊದಲು ಕ್ರಮವಾಗಿ ಪರಿಶೀಲಿಸಿದವರು ಭಾರತೀಯ ಭೂಗರ್ಭ ಪರಿಶೋಧನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ರವರು (೧೮೩೪–೧೯೧೨). ದಕ್ಷಿಣ ಭಾರತದ ಶಿಲಾಯುಗದ ಸಂಶೋಧಕರೆಂದು ನಮ್ಮ ಇತಿಹಾಸಜ್ಞರು ಇವರನ್ನು ಬಲ್ಲರು. ಹತ್ತೊಂಬತ್ತನೆಯ ಶತಮಾನದ ಎಂಟನೆಯ ಮತ್ತು ಒಂಬತ್ತನೆಯ ದಶಕಗಳಲ್ಲಿ ಈ ಸೀಮೆಯಲ್ಲಿ ಸಂಚರಿಸಿ, ಕಣಶಿಲೆಯಿಂದ ಈ ಪಟ್ಟಿಗಳನ್ನು ಬೇರ್ಪಡಿಸಿ, ಅವಕ್ಕೆ ‘ಧಾರವಾಡ ಶಿಲಾವರ್ಗ’ ಎಂಬ ಹೆಸರನ್ನು ಕೊಟ್ಟವರು ಅವರೇ. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ವಿಸ್ತಾರವಾದ ಗ್ರಂಥವು ೧೮೯೫ರಲ್ಲಿ ಪ್ರಕಟವಾಯಿತು. ಹೀಗೆ ಜಗತ್ತಿನ ಭೂಗರ್ಭಶಾಸ್ತ್ರದಲ್ಲಿ ಕನ್ನಡ ನಾಡಿನ ಒಂದು ಊರಿನ ಹೆಸರು ಸ್ಥಿರವಾಗಿ ನಿಂತಿತು.

ಇಲ್ಲಿ ರಾಜಕೀಯ ಗಡಿಗಳ ವಿಷಯವನ್ನು ಮರೆಯುವಂತಿಲ್ಲ. ಬಳ್ಳಾರಿ ಜಿಲ್ಲೆಯು ೧೮೦೦ರಿಂದ ಬ್ರಿಟಿಷರ ಮದರಾಸು ಪ್ರಾಂತಕ್ಕೆ ಸೇರಿತ್ತು; ಸಂಡೂರು ೧೯೪೯ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು; ಚಿತ್ರದುರ್ಗವು ಮೈಸೂರಿನದು. ಮೈಸೂರು ಸರ್ಕಾರವು ೧೮೯೪ರಲ್ಲಿ ತನ್ನದೇ ಆದ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿತು. ಆದಕಾರಣ ಒಂದೇ ಶಿಲಾಪಟ್ಟಿಯ ಉತ್ತರಭಾಗವನ್ನು ಒಂದು ಇಲಾಖೆಯವರೂ ದಕ್ಷಿಣಭಾಗವನ್ನು ಮತ್ತೊಂದು ಇಲಾಖೆಯವರೂ ಓದಬೇಕಾಯಿತು. ಶಾಸನಗಳ ವಿಷಯದಲ್ಲಿಯೂ ಇದೇ ಸಂಭವಿಸಿದುದು ವಾಚಕರಿಗೆ ತಿಳಿದಿದೆ: ರೈಸ್ ರವರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಚಿತ್ರದುರ್ಗದ ಶಾಸನಗಳು ಸೇರಿದುವು, ಹರಪನಹಳ್ಳಿ ಹಡಗಲಿಗಳ ಶಾಸನಗಳು ಮದರಾಸಿನ ದಕ್ಷಿಣ ಭಾರತ ಶಾಸನ ಸಂಪುಟಗಳಿಗೆ ಹೋದುವು. ೧೯೫೩ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರನ್ನು ಕೂಡಿದುವು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಸೇರಿ, ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಗಳು ಹೀಗೆ ಬದಲಾದರೂ ಶಿಲಾಪಟ್ಟಿಯು ಒಂದೇ ಆಗಿರುವುದರಿಂದ, ನೀಲಗುಂದದ ಸೀಮೆಯನ್ನು ಅರಿಯುವುದಕ್ಕೆ ಸಂಡೂರನ್ನೂ ಚಿತ್ರದುರ್ಗವನ್ನೂ ಜೊತೆಗೆ ನೋಡುವುದು ಅವಶ್ಯಕ.

ಈ ಶಿಲೆಗಳ ಮೂಲವೇನೆಂಬ ವಿಷಯದಲ್ಲಿ ದೀರ್ಘವಾದ ವಾದವು ನಡೆಯಿತು. ಧಾರವಾಡ ವರ್ಗದಲ್ಲಿ ನೀರಿನಿಂದ ಶೇಖರವಾದ ಪದರಗಳೂ ಅವುಗಳ ನಡುವೆ ಹರಿದ ಲಾವಾ ಪ್ರವಾಹಗಳೂ ಇವೆಯೆಂಬುದು ಫೂಟ್ ರವರ ಅಭಿಪ್ರಾಯ. ಮೈಸೂರು ಇಲಾಖೆಯ ನಿರ್ದೇಶಕರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ರವರು ೧೯೧೬ರಲ್ಲಿ ಮೈಸೂರಿನ ಭೂಗರ್ಭ ಚರಿತ್ರೆಯ ಸಂಗ್ರಹವನ್ನು ಬರೆದಾಗ, ಈ ವರ್ಗವೆಲ್ಲವೂ ಬಹುಮಟ್ಟಿಗೆ ಅಗ್ನಿಜನ್ಯವೆಂದು ಪ್ರತಿಪಾದಿಸಿದರು. ನೀರಿನ ಕಾರ್ಯವೆಂದು ತೋರುವ ಲಕ್ಷಣಗಳನ್ನೂ ಬೇರೆ ರೀತಿಯಲ್ಲಿ ವ್ಯಾಖ್ಯಾನಿಸಿದರು. ಅದೇ ಇಲಾಖೆಯ ಬಿ. ರಾಮರಾಯರು ೧೯೪೦ರಲ್ಲಿ ಪ್ರಕಟಿಸಿದ ಗ್ರಂಥದ ವೇಳೆಗೆ ಈ ಮತವು ಸಡಿಲಿ, ನೀರು ಬೆಂಕಿಗಳೆರಡರ ಕಾರ್ಯವೂ ಇಲ್ಲಿ ನಡೆದಿದೆಯೆಂಬುದು ಮನ್ನಣೆಗೆ ಬಂದಿತು. ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರಮೇಲೊಂದು ಒಟ್ಟಿದಂತೆ ಕಾಣುವ ಲಾವಾಶಿಲೆಯುಂಟು. ಈಗ ಅದು ರಾಷ್ಟ್ರೀಯ ಭೂಗರ್ಭ ಸ್ಮಾರಕವಾಗಿದೆ. ಕರಗಿದ ಲಾವಾ ನೀರಿನೊಳಕ್ಕೆ ಹರಿದು, ಹೊರಮೈ ತಟಕ್ಕನೆ ಆರಿ ಗಟ್ಟಿಯಾದಾಗ ಈ ಆಕಾರವು ಉಂಟಾಗುತ್ತದೆ. ಸುಮಾರು ೨೬೦–೨೭೦ ಕೋಟಿ ವರ್ಷಗಳ ಹಿಂದೆ ಆ ಎಡೆಯು ನೀರಿನ ತಳವಾಗಿತ್ತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಬೇಕಿಲ್ಲ.

ಆದರೆ ಕಡಲತಳದಲ್ಲಿ ಲಾವಾ ಮತ್ತು ನೀರು ಕೂಡಿದಾಗ ಏನೇನು ನಡೆಯುವುದೆಂಬುದನ್ನು ರಾಮರಾಯರ ಕಾಲದವರೆಗೆ ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದು ತಿಳಿದುದು ಇನ್ನೂ ೩೭ ವರ್ಷಗಳ ತರುವಾಯ. ಆ ವೃತ್ತಾಂತಕ್ಕೆ ಮುಂಚೆ, ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ಒಂದು ಹಳೆಯ ಸಂಶೋಧನೆಯನ್ನು ಹೇಳಬೇಕಾಗಿದೆ.

೩

ಗಿಡಮರಗಳು ಬೆಳಕಿನ ಬಲದಿಂದ ಇಂಗಾಲಾಮ್ಲ ವಾಯುವನ್ನು ಆಹಾರವಾಗಿ ಪರಿವರ್ತಿಸುವುವೆಂಬುದೂ, ಪ್ರಾಣಿಗಳೆಲ್ಲವೂ ಪರಂಪರೆಯಾಗಿ ಅವುಗಳನ್ನೇ ಅವಲಂಬಿಸಿವೆಯೆಂಬುದೂ ಪ್ರಸಿದ್ಧವಾದ ಮಾತು. ಇದಕ್ಕೆ ಹೊರತಾದ ಜೀವನಕ್ರಮವು ಉಂಟೆಂದು ಮೊದಲು ತೋರಿಸಿದವರು ರಷ್ಯ ದೇಶದ ಸೆರ್ಗೇ ವಿನೊಗ್ರಾಡ್ಸ್ಕಿ (೧೮೫೬–೧೯೫೩). ಅವರು ಸ್ಟ್ರಾಸ್ ಬರ್ಗ್ ನಗರದಲ್ಲಿದ್ದಾಗ, ಗಂಧಕದ ಬುಗ್ಗೆಗಳಲ್ಲಿ ಬೆಳೆಯುವ ಬೆಜ್ಜಿಯಟೋವಾ ಎಂಬ ಎಳೆಯಾಕಾರದ ಅಣುಜೀವಿಯನ್ನು ಪರೀಕ್ಷಿಸಿದರು. ಈ ಜೀವಿಯು, ಕೊಳೆತ ಮೊಟ್ಟೆಯ ನಾತವುಳ್ಳ ಗಂಧಕಯುಕ್ತ ಜಲಜನಕ ವಾಯುವನ್ನು ಆಮ್ಲಜನಕದೊಡನೆ ಸಂಯೋಗಗೊಳಿಸಿ, ಅದರಿಂದ ಹೊರಡುವ ಶಕ್ತಿಯಿಂದ ಬದುಕುವುದೆಂದು ೧೮೮೭ರಲ್ಲಿ ಪ್ರಕಟಿಸಿದರು. ತರುವಾಯ ಕಬ್ಬಿಣವನ್ನು ಬಳಸುವ ಅಣುಜೀವಿಗಳನ್ನೂ, ನೆಲದಲ್ಲಿ ಅಮೋನಿಯವನ್ನು ಮಾರ್ಪಡಿಸುವ ಅಣುಜೀವಿಗಳನ್ನೂ ಅವರು ವಿವರಿಸಿದರು. ೧೮೯೭ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಈ ಕ್ರಮಕ್ಕೆ ಹೆಸರನ್ನಿಟ್ಟರು. ಬೆಳಕಿನ ಬಲದ ಕ್ರಮವನ್ನು ದ್ಯುತಿಸಂಶ್ಲೇಷಣೆಯೆನ್ನುವಂತೆ ಇದನ್ನು ಕನ್ನಡದಲ್ಲಿ ರಸಾಯನಸಂಶ್ಲೇಷಣೆ ಎನ್ನಬಹುದು. ಆದರೂ ಸುಮಾರು ೮೦ ವರ್ಷಗಳ ಕಾಲ ಇದು ಕೆಸರು, ಬುಗ್ಗೆ, ನೆಲಗಳಲ್ಲಿ ಮಾತ್ರ ಕಾಣುವ ಒಂದು ವಿಶೇಷವೆಂದು ಪರಿಗಣಿತವಾಗಿತ್ತು. ಒಂದು ಇಡೀ ಜೀವಸಮುದಾಯವು ಇದನ್ನೇ ಆಧರಿಸಿ ನಿಲ್ಲಬಹುದೆಂದು ಯಾರೂ ಎಣಿಸಿರಲಿಲ್ಲ.

೧೯೭೭ರ ಫೆಬ್ರವರಿ ತಿಂಗಳಿನಲ್ಲಿ ಅಮೆರಿಕದ ವಿಜ್ಞಾನಿಗಳು ‘ಆಲ್ವಿನ್’ ಎಂಬ ಮುಳುಗುನೌಕೆಯಲ್ಲಿ ಪೆಸಿಫಿಕ್ ಮಹಾಸಾಗರದ ಗಲಾಪಗೋಸ್ ದ್ವೀಪಗಳ ಬಳಿಯ ಬಿರುಕಿಗೆ ಸುಮಾರು ೨,೫೦೦ ಮೀಟರು ಆಳಕ್ಕೆ ಇಳಿದರು. ಹೋದವರು ಭೂಗರ್ಭಶಾಸ್ತ್ರಜ್ಞರೂ ರಸಾಯನಶಾಸ್ತ್ರಜ್ಞರೂ. ತಂಡದಲ್ಲಿ ಜೀವಶಾಸ್ತ್ರಜ್ಞರು ಒಬ್ಬರೂ ಇರಲಿಲ್ಲ. ಅವರು ಹುಡುಕುತ್ತಿದ್ದುದು ಕಡಲತಳದ ಬಿಸಿನೀರಿನ ಬುಗ್ಗೆಗಳನ್ನು. ಬುಗ್ಗೆಗಳು ದೊರೆತುವು, ಅವುಗಳ ಸುತ್ತಲೂ ದೊಡ್ಡ ಚಿಪ್ಪಿನ ಪ್ರಾಣಿಗಳೂ, ಬಿಳಿಯ ಕೊಳವೆಗಳಲ್ಲಿ ವಾಸಿಸುವ ಕೆಂಪುತಲೆಯ ಹುಳುಗಳೂ ದಟ್ಟವಾಗಿ ನೆಲಸಿದ್ದುವು. ೧೯೭೯ರಲ್ಲಿ ಮೆಕ್ಸಿಕೋ ದೇಶದ ಪಶ್ಚಿಮದ ಕಡಲಿನಲ್ಲಿ, ೨೧ ಡಿಗ್ರಿ ಉತ್ತರ ಅಕ್ಷಾಂಶದ ಬಳಿ, ಸುಮಾರು ೩೫೦ ಸೆಂಟಿಗ್ರೇಡ್ ಡಿಗ್ರಿಗೆ ಮೀರಿದ ಉಷ್ಣವುಳ್ಳ ನೀರನ್ನು ಕಪ್ಪು ಹೊಗೆಯಂತೆ ಉಗುಳುವ ಖನಿಜದ ಚಿಮಣಿಗಳು ಕಂಡುಬಂದುವು.

ಆ ಕೊಳವೆಹುಳಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಹಾಗಿದ್ದೂ ಅದು ಸುಮಾರು ಎರಡು ಮೀಟರು ಉದ್ದ ಬೆಳೆಯಬಲ್ಲುದು. ಇದರ ರಹಸ್ಯವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಯಾಗಿದ್ದ ಕಾಲೀನ್ ಕ್ಯಾವನಾ ಊಹಿಸಿ, ೧೯೮೧ರಲ್ಲಿ ಆಧಾರಸಹಿತವಾಗಿ ಪ್ರಕಟಿಸಿದರು. ಹುಳದ ಒಡಲಿನ ಒಂದು ಅಂಗದಲ್ಲಿ ಅಸಂಖ್ಯವಾದ ಅಣುಜೀವಿಗಳು ವಾಸಿಸುತ್ತವೆ. ಹುಳವು ತನ್ನ ರಕ್ತದ ಮೂಲಕ ಗಂಧಕಯುಕ್ತ ವಾಯುವನ್ನೂ ಆಮ್ಲಜನಕವನ್ನೂ ಅವುಗಳಿಗೆ ತಲಪಿಸುತ್ತದೆ. ಅವು ವಿನೊಗ್ರಾಡ್ಸ್ಕಿಯವರು ಕಂಡ ಕ್ರಮದಿಂದಲೇ ಶಕ್ತಿಯನ್ನು ಪಡೆದು, ಆಹಾರವನ್ನು ನಿರ್ಮಿಸಿ, ಆಶ್ರಯದಾತನಿಗೂ ಒದಗಿಸುತ್ತವೆ.

ಈ ದ್ರವ್ಯಗಳು ಬುಗ್ಗೆಗೆ ಬರುವ ರೀತಿಯು ಹೀಗಿದೆ. ತಣ್ಣನೆಯ ಕಡಲನೀರು ತಳದ ಬಿರುಕುಗಳಲ್ಲಿ ಇಳಿದು, ಕೆಳಗಿನ ಬಿಸಿಬಂಡೆಯ ಸಮೀಪಕ್ಕೆ ಹೋಗಿ ಕಾಯುತ್ತದೆ. ದಾರಿಯಲ್ಲಿ ತನ್ನ ಮೆಗ್ನೀಸಿಯವನ್ನು ಬಂಡೆಗೆ ಕೊಟ್ಟು, ಆಮ್ಲಗುಣವನ್ನು ಪಡೆದು, ಬಂಡೆಯಿಂದ ಕಬ್ಬಿಣ, ತಾಮ್ರ, ಸತು, ಗಂಧಕಗಳನ್ನು ಕರಗಿಸಿಕೊಳ್ಳುತ್ತದೆ. ಹೀಗೆ ಹೊರೆಹೊತ್ತ ಬಿಸಿನೀರು ಮೇಲಕ್ಕೆ ಚಿಮ್ಮಿ ಸುಮಾರು ೨ ಡಿಗ್ರಿಯ ತಂಪಾದ ಕಡಲನೀರಿಗೆ ಸೇರಿದೊಡನೆ ಲೋಹಗಳು ಗಂಧಕದೊಡನೆ ಕೂಡಿ ಕಪ್ಪು ಪುಡಿಯಾಗಿ ಬೀಳುತ್ತವೆ. ಕಾಣುವ ಹೊಗೆಯೂ ಬೆಳೆಯುವ ಚಿಮಣಿಯೂ ಇದೇ. ಮೆಗ್ನೀಸಿಯವನ್ನು ಉಂಡ ಲಾವಾಶಿಲೆಯಲ್ಲಿ ಕ್ಲೋರೈಟ್ ಎಂಬ ಹಸುರು ಖನಿಜವು ಹುಟ್ಟುತ್ತದೆ. ನೀಲಗುಂದದ ಶಿಲೆಯ ಬಣ್ಣಕ್ಕೆ ಕಾರಣವಾದುದೂ ಆ ಖನಿಜವೇ. ಆದರೆ ಭೂಮಿಯ ಒಳಗಿನ ಒತ್ತಡ ಕಾವುಗಳಿಂದಲೂ ಅದು ತರುವಾಯ ಹುಟ್ಟಬಹುದಾದುದರಿಂದ, ಹಸುರು ಬಣ್ಣವೊಂದನ್ನೇ ಬುಗ್ಗೆಯ ಗುರುತೆಂದು ಹಿಡಿಯತಕ್ಕದ್ದಲ್ಲ.

೪

ಈ ಹೊಸ ಜ್ಞಾನವು ಹಳೆಯ ಬಂಡೆಗಳ ಓದನ್ನು ಬದಲಾಯಿಸಿತು. ಚಿತ್ರದುರ್ಗದ ಆಗ್ನೇಯಕ್ಕೆ ಇಂಗಳದಾಳು ಎಂಬ ಗ್ರಾಮವಿದೆ. ಪುರಾತನರು ಅಲ್ಲಿ ತಾಮ್ರದ ಅದಿರನ್ನು ತೋಡಿದ ಗುರುತುಗಳಿದ್ದುವು. ಇಪ್ಪತ್ತನೆಯ ಶತಮಾನದಲ್ಲಿಯೂ ಗಣಿಯು ನಡೆದು ನಿಂತಿತು. ಅಲ್ಲಿ ಕಬ್ಬಿಣ, ತಾಮ್ರ, ಸತು, ಸೀಸಗಳು ಗಂಧಕದೊಡನೆ ಕೂಡಿದ ಖನಿಜಗಳಾಗಿ, ಕಡಲತಳದ ಲಾವಾಶಿಲೆಗಳ ನಡುವೆ, ಬೆಣಚಿನ ಜಾತಿಯ ಸೂಕ್ಷ್ಮಕಣದ ಪದರಗಳ ಜೊತೆಯಲ್ಲಿ ದೊರೆಯುತ್ತವೆ. ಇಂದಿನ ಚಿಮಣಿಗಳಲ್ಲಿ ಶೇಖರವಾಗುವ ಖನಿಜಗಳ ಕೂಟವೂ ಬಹುಮಟ್ಟಿಗೆ ಇದೇ. ಆದಕಾರಣ ಇಂಗಳದಾಳಿನ ಅದಿರು ಪುರಾತನ ಕಡಲತಳದ ಬಿಸಿಬುಗ್ಗೆಗಳ ಶೇಷವೆಂಬ ಅಭಿಪ್ರಾಯವು ಬಲಗೊಂಡಿದೆ. ಹಡಗಲಿ ಹರಪನಹಳ್ಳಿಗಳ ಪಕ್ಕದಲ್ಲಿ ಹಾದುಬರುವ ಪಟ್ಟಿಯೇ ಮುಂದೆ ಇಂಗಳದಾಳಿನದೂ ಆಗುವುದೆಂಬುದನ್ನು ವಾಚಕರು ಗಮನಿಸಬೇಕು.

ಸಂಡೂರಿನ ಕಥೆಯು ಸ್ವಲ್ಪ ಬೇರೆ. ಅಲ್ಲಿನ ಬೆಟ್ಟಗಳಲ್ಲಿ ಕಬ್ಬಿಣದ ಪದರವೊಂದು, ಬೆಣಚಿನ ಪದರವೊಂದು ಹೀಗೆ ಒಂದರಮೇಲೊಂದು ಪಟ್ಟೆಪಟ್ಟೆಯಾಗಿ ಜೋಡಿಸಿಕೊಂಡ ಶಿಲೆಗಳಿವೆ. ಪ್ರಸಿದ್ಧವಾದ ಕಬ್ಬಿಣದ ಅದಿರು ಇವುಗಳಿಂದಲೇ ರೂಪುಗೊಂಡುದು. ಸ್ಮೀತ್ ರವರು ಅಗ್ನಿಜನ್ಯವೆಂದು ಭಾವಿಸಿದ್ದ ಶಿಲೆಗಳಲ್ಲಿ ಈ ಜಾತಿಯದೂ ಸೇರಿತ್ತು. ಇಂಥ ಶಿಲೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕೆಲವು ವಿರಳ ಧಾತುಗಳು, ವಿಶೇಷವಾಗಿ ಯೂರೋಪಿಯಂ, ಕಬ್ಬಿಣವು ಎಲ್ಲಿಂದ ಬಂದಿತೆಂಬುದಕ್ಕೆ ಸುಳಿವನ್ನು ಕೊಡುತ್ತವೆ. ಕಡಲತಳದ ಬಿಸಿಬುಗ್ಗೆಯ ನೀರಿನಲ್ಲಿ ಆ ಧಾತುವು ತನ್ನ ನೆರೆಯ ಧಾತುಗಳಿಗಿಂತ ಹೆಚ್ಚಾಗಿ ಸೇರಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯ ಮಾಣಿಕ್ಯಾಂಬ, ಬಲರಾಂ, ನಖ್ವಿ ಇವರು ೧೯೯೩ರಲ್ಲಿ ಸಂಡೂರಿನ ಶಿಲೆಗಳ ಇಂಥ ರಾಸಾಯನಿಕ ಲಕ್ಷಣಗಳನ್ನು ಪರೀಕ್ಷಿಸಿ, ಇವುಗಳ ಉತ್ಪತ್ತಿಗೆ ಒಂದಕ್ಕಿಂತ ಹೆಚ್ಚು ಮೂಲಗಳನ್ನು ಹೇಳಿದ್ದಾರೆ. ಆಮ್ಲಜನಕವು ಇಲ್ಲದ ಕಡಲಿನಲ್ಲಿ ಕಬ್ಬಿಣವು ಕರಗಿದ ಸ್ಥಿತಿಯಲ್ಲಿ ಬುಗ್ಗೆಯಿಂದ ಬಹುದೂರ ಸಾಗಬಲ್ಲುದು. ಹೀಗೆ ಕೂಡ್ಲಿಗಿಯ ಬಯಲಿನಿಂದ ಕಾಣುವ ಕೆಂಪು ಬೆಟ್ಟಗಳಿಗೂ ಕಡಲಾಳದ ಬುಗ್ಗೆಗಳಿಗೂ ಸಂಬಂಧವುಂಟೆಂದು ಹೇಳಲು ಆಸ್ಪದವಿದೆ.

೫

ಬುಗ್ಗೆಗಳು ಇದ್ದುವೆಂದಮೇಲೆ ಗಲಾಪಗೋಸಿನಲ್ಲಿ ಕಂಡಂಥ ಜೀವಿಗಳೂ ಇದ್ದುವೆಂದು ಹೇಳಬಹುದಲ್ಲವೇ ಎಂದು ಕೆಲವರು ಕೇಳಬಹುದು. ಇದು ಇತಿಹಾಸಜ್ಞನಿಗೆ ಚಿರಪರಿಚಿತವಾದ ಒಂದು ತಪ್ಪು. ಈಗಿನ ಸ್ಥಿತಿಯನ್ನು ಹಿಂದಿನ ಕಾಲಕ್ಕೆ ಆರೋಪಿಸುವುದು. ಒಂಬತ್ತನೆಯ ಶತಮಾನದ ಶಾಸನದಲ್ಲಿ ಬಂದ ಒಂದು ಪದಕ್ಕೆ ಇಂದಿನ ಅರ್ಥವನ್ನು ಹಚ್ಚಿ ಓದಿದರೆ ಎಂಥ ಪ್ರಮಾದವಾಗುವುದೋ ಇಲ್ಲಿಯೂ ಅಂಥದೇ ಆಗುತ್ತದೆ.

ಕಾರಣವನ್ನು ವಿವರಿಸುವೆವು. ಕೊಳವೆಹುಳದ ಒಡಲಿನ ಅಣುಜೀವಿಗಳು ಬೆಳಕನ್ನು ನೇರವಾಗಿ ಬಳಸುವುದಿಲ್ಲವೆಂಬುದು ನಿಜ. ಆದರೆ ಅವಕ್ಕೆ ಆಮ್ಲಜನಕವು ಬೇಕು. ಆ ಆಮ್ಲಜನಕವು ಮೇಲಿನ ಲೋಕದಲ್ಲಿ ಬೆಳಕಿನ ಬಲದಿಂದ ಬದುಕುವ ಜೀವಿಗಳು ಬಿಡುಗಡೆಮಾಡಿದುದು. ಆದುದರಿಂದ ಗಲಾಪಗೋಸಿನ ಸಮುದಾಯವು ಸೂರ್ಯನಿಂದ ಪೂರ್ತಿ ಸ್ವತಂತ್ರವಾದುದೆಂದು ಹೇಳುವುದೂ ಸರಿಯಲ್ಲ. ಇಂಗಳದಾಳಿನ ಬುಗ್ಗೆಗಳ ಕಾಲದಲ್ಲಿ ಸ್ಥಿತಿಯೇ ಬೇರೆ. ವಾಯುಮಂಡಲದಲ್ಲಿ ಆಮ್ಲಜನಕವು ಶೇಖರವಾಗತೊಡಗಿದುದು ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ. ಅದಕ್ಕೆ ಹಿಂದಿನ ಆಳಗಡಲಿನಲ್ಲಿ ಅದು ಇರಲಿಲ್ಲವೆಂದೇ ಹೇಳಬಹುದು. ಗಂಧಕದ ಲವಣಗಳೂ ಆ ನೀರಿನಲ್ಲಿ ಅತ್ಯಲ್ಪ. ಹುಳು ಚಿಪ್ಪುಗಳಂಥ ಪ್ರಾಣಿಗಳಾದರೋ ಅದಕ್ಕೆ ನೂರಾರು ಕೋಟಿ ವರ್ಷಗಳ ಅನಂತರ ಬಂದುವು. ಆದಕಾರಣ ವಿನೊಗ್ರಾಡ್ಸ್ಕಿ, ಕ್ಯಾವನಾ ಇವರು ಕಂಡ ಜೀವನಕ್ರಮವನ್ನು ಧಾರವಾಡ ವರ್ಗದ ಕಡಲಿಗೆ ಹಾಗೆಯೇ ಕೊಂಡೊಯ್ಯಲಾಗದು.

ಆ ಕಡಲಿಗೆ ಹೊಂದುವ ಅಣುಜೀವಿಗಳು ಬೇರೊಂದು ಬಗೆಯವು. ಜಲಜನಕವನ್ನೂ ಇಂಗಾಲಾಮ್ಲ ವಾಯುವನ್ನೂ ಕೂಡಿಸಿ, ಮೀಥೇನ್ ವಾಯುವನ್ನು ಹೊರಬಿಟ್ಟು, ಆ ಸಂಯೋಗದ ಶಕ್ತಿಯಿಂದಲೇ ಬದುಕುವ ಜೀವಿಗಳುಂಟು. ಇವಕ್ಕೆ ಆಮ್ಲಜನಕವು ಬೇಡ, ಅದು ಅವಕ್ಕೆ ವಿಷಪ್ರಾಯ. ಇವು ಸಾಮಾನ್ಯ ಬ್ಯಾಕ್ಟೀರಿಯಗಳಿಂದ ಮೂಲತಃ ಭಿನ್ನವಾದ ಒಂದು ಕುಲಕ್ಕೆ ಸೇರಿದುವೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ೧೯೭೭ರಲ್ಲಿಯೇ, ಎಂದರೆ ಗಲಾಪಗೋಸಿನ ಸಂಶೋಧನೆಯ ವರ್ಷದಲ್ಲಿಯೇ, ತೋರಿಸಿದರು. ಕಡಲಾಳದ ಬುಗ್ಗೆಗಳಲ್ಲಿ ಇವು ಯಥೇಚ್ಛವಾಗಿ ಇವೆ. ಹಿಂದೂ ಮಹಾಸಾಗರದಲ್ಲಿ ೨೦೦೦ದಲ್ಲಿ ಪತ್ತೆಯಾದ ಕೈರೇ ಎಂಬ ಬುಗ್ಗೆಗಳ ಕ್ಷೇತ್ರದಿಂದ ತಂದ ಇಂಥ ಒಂದು ಜೀವಿಯು ಹೆಚ್ಚಿನ ಒತ್ತಡದಲ್ಲಿ ೧೨೨ ಡಿಗ್ರಿ ಉಷ್ಣದಲ್ಲಿಯೂ ವೃದ್ಧಿಹೊಂದುವುದೆಂದು ಜಪಾನಿನ ವಿಜ್ಞಾನಿಗಳು ೨೦೦೮ರಲ್ಲಿ ವರದಿಮಾಡಿದರು.

ಇವಕ್ಕೆ ಬೇಕಾದ ಜಲಜನಕವು ಎಲ್ಲಿಂದ ಬರುತ್ತದೆ? ಕಬ್ಬಿಣ ಮೆಗ್ನೀಸಿಯಗಳು ತುಂಬಿದ ಒಂದು ಬಗೆಯ ಆಳಶಿಲೆಯು ನೀರಿನೊಡನೆ ಸಂಯೋಗಗೊಂಡಾಗ, ಶಿಲೆಯೊಳಗಿನ ಕಬ್ಬಿಣವು ನೀರಿನ ಆಮ್ಲಜನಕವನ್ನು ಹಿಡಿದುಕೊಂಡು ಜಲಜನಕವನ್ನು ಬಿಟ್ಟುಬಿಡುತ್ತದೆ. ೨೦೦೦ದ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಪತ್ತೆಯಾಗಿ ‘ಕಳೆದುಹೋದ ನಗರ’ವೆಂದು ಹೆಸರುಪಡೆದ ಬಿಳಿಯ ಚಿಮಣಿಗಳ ಕ್ಷೇತ್ರದಲ್ಲಿ ಇದೇ ಕಾರ್ಯವು ಈಗಲೂ ನಡೆಯುತ್ತಿದೆ. ಇಂಥ ಶಿಲೆಯು ನೀರುಂಡು ಮಾರ್ಪಟ್ಟು ಕಡೆಗೆ ಉಳಿಯುವ ರೂಪಗಳಲ್ಲಿ ಬಳಪದ ಕಲ್ಲೂ ಒಂದು. ಧಾರವಾಡ ವರ್ಗದಲ್ಲಿ ಈ ಜಾತಿಯ ಶಿಲೆಗಳು ಅನೇಕ ಕಡೆಗಳಲ್ಲಿವೆ. ಆದುದರಿಂದ ಆ ಕಾಲದ ಅಣುಜೀವಿಗಳಿಗೆ ಬೇಕಾದ ಶಕ್ತಿಯ ಮೂಲವು ನಮ್ಮ ನಾಡಿನ ಪುರಾತನ ಕಡಲಿನಲ್ಲಿ ಇದ್ದಿತೆಂದು ಧೈರ್ಯವಾಗಿ ಹೇಳಬಹುದು. ಒಲೆಯೂ ಸೌದೆಯೂ ಇದ್ದುದಕ್ಕೆ ಪ್ರಮಾಣವಿದೆ. ಅಲ್ಲಿ ಅಡುಗೆ ನಡೆಯಿತೆಂಬುದಕ್ಕೆ ಮಾತ್ರ ಬೇರೆ ಪ್ರಮಾಣವು ಬೇಕು.

೬

ಅಂಥ ಪ್ರಮಾಣವನ್ನು ಹುಡುಕುವ ಪ್ರಯತ್ನವು ನಮ್ಮಲ್ಲಿ ನಡೆದಿದೆ. ೧೯೮೪ರಲ್ಲಿ ಮೂರ್ತಿ ಮತ್ತು ಕೃಷ್ಣಾರೆಡ್ಡಿ ಇವರು ಸಂಡೂರಿನ ಶಿಲೆಗಳಲ್ಲಿ, ಅಣುಜೀವಿಗಳ ಹಾಸುಗಳು ಪದರಪದರವಾಗಿ ಕಲ್ಲಾದ ಆಕೃತಿಗಳನ್ನು ವರದಿಮಾಡಿ, ಅವು ೨೬೦ ಕೋಟಿ ವರ್ಷಗಳಷ್ಟು ಹಳೆಯವೆಂದರು. ೧೯೮೭ರಲ್ಲಿ ನಖ್ವಿ, ಲಖ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ವೆಂಕಟಾಚಲ ಮತ್ತು ಅವರ ಸಹೋದ್ಯೋಗಿಗಳು ಸಂಡೂರಿನ ಬೆಣಚಿನ ಜಾತಿಯ ಕಲ್ಲಿನಲ್ಲಿ ಅಣುಜೀವಿಗಳ ಆಕಾರಗಳನ್ನು ಸೂಕ್ಷ್ಮದರ್ಶಕದಿಂದ ಕಂಡುದಾಗಿ ಪ್ರಕಟಿಸಿದರು. ದೋಣಿಮಲೆಯ ಶಿಲೆಗಳ ವಿಷಯವಾಗಿ ೧೯೯೦ರಲ್ಲಿ ಮತ್ತೊಂದು ಲೇಖನವು ಬಂದಿತು. ಚಿತ್ರದುರ್ಗದ ಪಟ್ಟಿಯ ಪದರಾಕೃತಿಗಳು ೧೯೮೯ರಲ್ಲಿ ವರ್ಣಿತವಾದುವು. ೧೯೮೭ರ ಲೇಖಕರು ತಾವು ಕಂಡುವನ್ನು ಬೆಳಕಿನ ಬಲದಿಂದ ಬದುಕುವ ನೀಲಿಹಸುರು ಜಾತಿಯವೆಂದು ಗುರುತಿಸಿದ್ದಾರೆ. ಆದಕಾರಣ ಈ ವರದಿಗಳನ್ನು ಪೂರ್ತಿಯಾಗಿ ಒಪ್ಪಿದರೂ ಇವು ರಸಾಯನಸಂಶ್ಲೇಷಣೆಗೆ ಸಾಕ್ಷ್ಯವಾಗುವುದಿಲ್ಲ. ಸಂಡೂರಿನ ಕಬ್ಬಿಣದ ಪದರಗಳು ಬೀಳಲು ಅಣುಜೀವಿಗಳು ಕಾರಣವಾಗಿರಬಹುದೆಂಬ ಮಾತೂ ಉಂಟು. ಆಮ್ಲಜನಕವಿಲ್ಲದೆ ಬೆಳಕಿನಿಂದ ಕಬ್ಬಿಣವನ್ನು ಮಾರ್ಪಡಿಸುವ ಜೀವಿಗಳು ಇವೆಯೆಂದು ೧೯೯೩ರಲ್ಲಿ ಜರ್ಮನಿಯ ವಿಡ್ಡೆಲ್ ಮತ್ತು ಅವರ ಸಂಗಡಿಗರು ತೋರಿಸಿದರು. ಅವಕ್ಕೂ ಬೆಳಕು ಬೇಕೇ ಬೇಕು.

ಆಕಾರಮಾತ್ರದಿಂದ ಜೀವವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದನ್ನು ಆಸ್ಟ್ರೇಲಿಯದ ಒಂದು ಉದಾಹರಣೆಯು ತಿಳಿಸುತ್ತದೆ. ಅಲ್ಲಿನ ಸುಮಾರು ೩೪೬ ಕೋಟಿ ವರ್ಷಗಳ ಹಳೆಯ ಕಲ್ಲಿನಲ್ಲಿ ೧೯೯೩ರಲ್ಲಿ ವಿಲಿಯಂ ಷಾಫ್ ರವರು ಎಳೆಯಾಕಾರದ ಜೀವಶೇಷಗಳನ್ನು ವರ್ಣಿಸಿದರು. ಅದು ಪಾಠಪುಸ್ತಕಗಳಿಗೂ ಏರಿತು. ೨೦೦೨ರಲ್ಲಿ ಮಾರ್ಟಿನ್ ಬ್ರೇಸಿಯರ್ ಮತ್ತು ಸಂಗಡಿಗರು ಆ ಸ್ಥಳವನ್ನು ಮತ್ತೆ ಪರೀಕ್ಷಿಸಿ, ಆ ಕಲ್ಲು ಕಡಲತಳದ ಪದರವಲ್ಲವೆಂದೂ, ಬಿಸಿನೀರು ಹಾದ ಬಿರುಕಿನಲ್ಲಿ ತುಂಬಿಕೊಂಡುದೆಂದೂ, ಎಳೆಗಳು ಖನಿಜಕ್ರಿಯೆಯಿಂದ ಆದುವೆಂದೂ ವಾದಿಸಿದರು. ವಿವಾದವು ದೀರ್ಘಕಾಲ ನಡೆಯಿತು. ಇದಕ್ಕೆ ಪ್ರತಿಯಾಗಿ, ಆಸ್ಟ್ರೇಲಿಯದ ಅದೇ ಪ್ರಾಂತದಲ್ಲಿ ೩೨೪ ಕೋಟಿ ವರ್ಷಗಳಷ್ಟು ಹಳೆಯ ಗಂಧಕದ ಅದಿರಿನೊಳಗೆ ಎಳೆಗಳ ಆಕಾರಗಳನ್ನು ಬರ್ಗರ್ ರಾಸ್ಮುಸ್ಸೆನ್ ರವರು ೨೦೦೦ದಲ್ಲಿ ಪ್ರಕಟಿಸಿದರು. ಪುರಾತನ ಬುಗ್ಗೆಯ ಸ್ಥಳದಲ್ಲಿಯೇ ದೊರೆತುದರಿಂದ ಇದಕ್ಕೆ ಹೆಚ್ಚಿನ ಬೆಲೆಯುಂಟು. ನಮ್ಮ ನಾಡಿನಲ್ಲಿ ಇದಕ್ಕೆ ಸರಿದೊರೆಯಾಗಿ ಹುಡುಕತಕ್ಕ ಎಡೆಯು ಸಂಡೂರಿಗಿಂತ ಮೊದಲು ಇಂಗಳದಾಳು ಎಂಬುದು ನಮ್ಮ ಅಭಿಪ್ರಾಯ.

ಹುಡುಕುವವರು ಮೂರು ಬಗೆಯ ಸಾಕ್ಷ್ಯವನ್ನು ಒಟ್ಟಿಗೆ ಕೇಳಬೇಕು. ಒಂದು, ಆಕಾರ. ಎರಡು, ರಾಸಾಯನಿಕ ಗುರುತು. ಜೀವಿಗಳು ಇಂಗಾಲದ ಹಗುರವಾದ ಜಾತಿಯನ್ನು ಹೆಚ್ಚಾಗಿ ಆರಿಸಿಕೊಳ್ಳುವುದರಿಂದ ಅವುಗಳ ಶೇಷದಲ್ಲಿ ಅದರ ಪ್ರಮಾಣವು ಏರಿರುತ್ತದೆ. ಬುಗ್ಗೆಗಳಲ್ಲಿ ಜೀವವಿಲ್ಲದೆಯೂ ಅಂಥ ಇಂಗಾಲವು ಉಂಟಾಗಬಹುದಾದುದರಿಂದ ಇದೊಂದೇ ಸಾಲದು. ಮೂರು, ಸ್ಥಳದ ಸಂದರ್ಭ. ಗುರುತು ಇರುವ ಪದರವು ಬುಗ್ಗೆಯ ಕಾಲದ್ದೇ, ತರುವಾಯ ಸೇರಿಕೊಂಡುದೇ ಎಂಬ ನಿರ್ಣಯ. ಶಾಸನಗಳಲ್ಲಿಯೂ ನಾವು ಲಿಪಿ, ಭಾಷೆ, ಕಾಲೋಲ್ಲೇಖ ಈ ಮೂರೂ ಒಂದನ್ನೊಂದು ಒಪ್ಪಿದರೆ ಮಾತ್ರ ಶಾಸನವನ್ನು ಅಕೃತ್ರಿಮವೆನ್ನುತ್ತೇವೆ. ನಾಡಿನ ಪ್ರಾಚೀನತೆಯ ಮೇಲಣ ಅಭಿಮಾನದಿಂದ ಕೂಟಶಾಸನಗಳನ್ನು ನಿಜವೆಂದು ನಂಬಿ, ಕಾಲನಿರ್ಣಯವನ್ನು ಕೆಡಿಸಿಕೊಂಡ ಅನುಭವವು ನಮಗಿದೆ. ಜೀವದ ಉಗಮವೇ ನಮ್ಮ ಬೆಟ್ಟಗಳಲ್ಲಿ ಆಯಿತೆಂಬಂಥ ಮಾತುಗಳನ್ನು ಶಾಲೆಯ ಮಕ್ಕಳಿಗೆ ಹೇಳುವ ಮುನ್ನ ಆ ಅನುಭವವನ್ನು ನೆನೆಯುವುದು ಲೇಸು.

೭

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದನ್ನು ಸಂಗ್ರಹಿಸಿ ಹೇಳುವೆವು. ನೀಲಗುಂದದ ಸೀಮೆಯ ಎರಡೂ ಪಕ್ಕದ ಪಟ್ಟಿಗಳಲ್ಲಿ ಪುರಾತನ ಕಡಲತಳದ ಶಿಲೆಗಳಿರುವುದು ನಿಶ್ಚಿತ. ಆ ಕಡಲಿನಲ್ಲಿ ಬಿಸಿಬುಗ್ಗೆಗಳಿದ್ದು ಲೋಹಗಳನ್ನು ಹೊರಚೆಲ್ಲಿದುವೆಂಬುದು ಬಹುಮಟ್ಟಿಗೆ ನಿಶ್ಚಿತ. ಅಲ್ಲಿ ರಾಸಾಯನಿಕ ಶಕ್ತಿಯಿಂದ ಬದುಕುವ ಅಣುಜೀವಿಗಳಿದ್ದುವೆಂಬುದು ಯುಕ್ತವಾದ ಊಹೆ. ಇದ್ದಿದ್ದರೆ ಅವು ಆಮ್ಲಜನಕವನ್ನು ಬಯಸದ ಜಾತಿಯವು. ಅವುಗಳದೆಂದು ನಿರ್ವಿವಾದವಾಗಿ ತೋರಿಸಬಲ್ಲ ಶೇಷವು ಈ ಶಿಲೆಗಳಿಂದ ಇನ್ನೂ ಹೊರಬಂದಿಲ್ಲ.

ಕಡಲಿನ ಕಡೆಯಿಂದಲೂ ಕೆಲಸವು ನಡೆಯುತ್ತಿದೆ. ಹಿಂದೂ ಮಹಾಸಾಗರದ ತಳದಲ್ಲಿ ಗಂಧಕದ ಅದಿರುಗಳನ್ನು ಪರಿಶೋಧಿಸುವುದಕ್ಕಾಗಿ ಭಾರತ ಸರ್ಕಾರವು ೨೦೧೬ರಲ್ಲಿ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದೊಡನೆ ೧೦,೦೦೦ ಚದರ ಕಿಲೋಮೀಟರು ಕ್ಷೇತ್ರಕ್ಕೆ ಒಪ್ಪಂದವನ್ನು ಮಾಡಿಕೊಂಡಿತು. ೨೦೨೪ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನಿಗಳು ಆ ಸಾಗರದ ದಕ್ಷಿಣಭಾಗದಲ್ಲಿ ಸುಮಾರು ೪,೫೦೦ ಮೀಟರು ಆಳದ ಒಂದು ಜೀವಂತ ಬುಗ್ಗೆಯ ಚಿತ್ರವನ್ನು ತೆಗೆದುದಾಗಿ ತಿಳಿಸಿದರು. ಈಗಿನ ಬುಗ್ಗೆಗಳನ್ನು ಬಲ್ಲವರು ಇಂಗಳದಾಳನ್ನು ನೋಡುವುದೂ, ಇಂಗಳದಾಳನ್ನು ಬಲ್ಲವರು ಈಗಿನ ಬುಗ್ಗೆಗಳನ್ನು ತಿಳಿಯುವುದೂ ಪರಸ್ಪರ ಉಪಕಾರವಾಗುವುದು.

ಆದರೆ ನೆಲದ ಮೇಲಿನ ಆಕರವು ಶಾಶ್ವತವಲ್ಲ. ಸಂಡೂರು ಚಿತ್ರದುರ್ಗಗಳಲ್ಲಿ ಗಣಿಗಾರಿಕೆಯು ಮಿತಿಮೀರಿದುದರಿಂದ ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಬೇಕಾಯಿತು. ತರುವಾಯ ನಿಬಂಧನೆಗಳಿಗೆ ಒಳಪಟ್ಟು ಅದು ಮತ್ತೆ ನಡೆದಿದೆ. ದೇವಾಲಯದ ಗೋಡೆಯ ಶಾಸನವು ಹಾಳಾದರೆ ಅದರ ಅಚ್ಚುಪ್ರತಿಯಾದರೂ ಉಳಿದಿರಬಹುದು. ಒಡೆದು ಸಾಗಿಸಿದ ಶಿಲಾಪದರಕ್ಕೆ ಅಚ್ಚುಪ್ರತಿಯಿಲ್ಲ. ಮರಡಿಹಳ್ಳಿಯ ದಿಂಬುಲಾವಾಕ್ಕೆ ದೊರೆತ ರಕ್ಷಣೆಯು ಇಂಗಳದಾಳಿನ ಅದಿರಿನ ಸ್ಥಳಕ್ಕೂ, ಸಂಡೂರಿನಲ್ಲಿ ಜೀವಶೇಷಗಳು ವರದಿಯಾದ ಎಡೆಗಳಿಗೂ ದೊರೆಯಬೇಕು. ನೀಲಗುಂದದ ದೇವಾಲಯವನ್ನು ವಿದ್ಯಾರ್ಥಿಗಳಿಗೆ ತೋರಿಸುವ ಉಪಾಧ್ಯಾಯರು ಶಿಲ್ಪವನ್ನೂ ಕಾಲವನ್ನೂ ಹೇಳಿದ ಮೇಲೆ, ಕಂಬದ ಹಸುರುಗಪ್ಪು ಶಿಲೆಯ ಮೇಲೆ ಕೈಯಿಟ್ಟು, ಇದರಲ್ಲಿ ಓದಿ ಮುಗಿದಿರುವುದು ಯಾವುದು, ಓದಬೇಕಾಗಿರುವುದು ಯಾವುದು ಎಂಬ ಎರಡು ಮಾತುಗಳನ್ನು ಸೇರಿಸಿದರೆ ಈ ಲೇಖನದ ಉದ್ದೇಶವು ಸಫಲವಾದಂತೆ.